ಮಕ್ಕಳ ಜಗಳದಿಂದ ಶುರುವಾದ ಕೆಲಸ: ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ನನ್ನ ಅನುಭವ

ಕಥೋಲಿಕ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಬಹಳ ವರ್ಷ ಪಾಠ ಮಾಡಿದ್ದೇನೆ. ಪಾಠದ ಜೊತೆಗೆ ಪ್ರಾರ್ಥನೆ, ಸೇವಾ ಕೆಲಸ, ಮಕ್ಕಳು ಒಬ್ಬರಿಗೊಬ್ಬರು ಹೇಗಿರುತ್ತಾರೆ ಎಂಬುದನ್ನು ನೋಡಿಕೊಳ್ಳುವ ಹೊಣೆಯೂ ನನಗೆ ಬಂತು. ಎಲ್ಲಿಂದ ಶುರು ಮಾಡೋದು? ಕ್ಷಮೆಯ ಬಗ್ಗೆ ಅಸೆಂಬ್ಲಿಯಲ್ಲಿ ಮಾತಾಡುತ್ತಿದ್ದೆವು, ಗೋಡೆಯ ಮೇಲೆ ಚೆಂದದ ಚಾರ್ಟ್ ಇತ್ತು. ಆದರೆ ಮಕ್ಕಳು ಜಗಳ ಆಡುವುದು ಮೈದಾನದಲ್ಲಿ, ನಲ್ಲಿಯ ಹತ್ತಿರ, ಸಾಲಿನಲ್ಲಿ ನಿಂತಾಗ. ಹಾಗಾಗಿ ನಾನು ಜಗಳವನ್ನೇ ಮೊದಲು ಕೈಗೆತ್ತಿಕೊಂಡೆ.

ಬೈಬಲಿನ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇದಕ್ಕೆ ಒಂದು ಕ್ರಮವನ್ನೇ ಹೇಳಿಕೊಟ್ಟಿದ್ದಾರೆ. ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇದ್ದಾಗ ಹೋಗಿ ಹೇಳಬೇಕು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ಇಡೀ ಭಕ್ತ ಸಮುದಾಯಕ್ಕೆ, ತಿಳಿಸಬೇಕು. ದೊಡ್ಡವರಿಗಾಗಿ ಹೇಳಿದ ಮಾತಾದರೂ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ನಾವು ಮಾಡುತ್ತಿದ್ದುದು ಇದಕ್ಕೆ ಪೂರ್ತಿ ತಿರುಗಾಮುರುಗ. ಮಗು ಓಡಿ ಬಂದು "ಮಿಸ್, ಇವಳು ನನ್ನ ಪೆನ್ಸಿಲ್ ಮುರಿದಳು" ಅನ್ನುತ್ತದೆ, ನಾವು ಅಲ್ಲೇ ತೀರ್ಪು ಕೊಡುತ್ತೇವೆ. ಅಂದರೆ ಮೂರನೇ ಮೆಟ್ಟಿಲೇ ಮೊದಲು.

ಅದಕ್ಕೇ ದೂರು ಬಂದಾಗ ಮೊದಲು ಒಂದೇ ಪ್ರಶ್ನೆ ಕೇಳಬೇಕು ಎಂದು ಎಲ್ಲ ಟೀಚರುಗಳೂ ಒಪ್ಪಿಕೊಂಡೆವು: "ಅವಳಿಗೆ ಹೇಳಿದೆಯಾ?" ಆದರೆ ಬರೀ ಹೇಳು ಅಂದರೆ ಮಗುವಿಗೆ ಮಾತು ಬರೋದಿಲ್ಲ. ಏನಾಯಿತು, ನನಗೆ ಹೇಗಾಯಿತು, ಈಗ ಏನು ಮಾಡಿದರೆ ಸರಿ ಹೋಗುತ್ತದೆ, ಈ ಮೂರನ್ನು ಹೇಳುವುದನ್ನು ತರಗತಿಯಲ್ಲಿ ನಾಟಕದ ಹಾಗೆ ಆಡಿಸಿ ಕಲಿಸಿದೆವು. ಮೂರನೆಯದು ಬಹಳ ಮುಖ್ಯ. "ನಿನ್ನ ಪೆನ್ಸಿಲ್ ನನಗೆ ಇವತ್ತು ಕೊಡು" ಎಂದು ಒಂದು ಮಗು ಹೇಳಬಹುದು. "ಇನ್ನೊಮ್ಮೆ ಕೇಳಿ ತಗೋ" ಎಂದು ಇನ್ನೊಂದು ಹೇಳಬಹುದು. ದೊಡ್ಡವರಿಗೆ ಹೊಳೆಯದ ಪರಿಹಾರವನ್ನು ಮಕ್ಕಳು ಸಲೀಸಾಗಿ ಹುಡುಕುತ್ತಾರೆ.

"ಸಾರಿ ಹೇಳು" ಎಂದು ಬಲವಂತ ಮಾಡುವುದನ್ನು ನಾನು ಪೂರ್ತಿ ಬಿಟ್ಟೆ. ಅದರಿಂದ ಯಾರ ಮನಸ್ಸೂ ಹಗುರವಾಗುವುದಿಲ್ಲ. ಗುರುಗಳ ಮುಂದೆ ತಪ್ಪು ಹೇಳಿಕೊಂಡು ದೇವರ ಕ್ಷಮೆ ಪಡೆಯುವ ಪಾಪನಿವೇದನೆಯ ಸಂಸ್ಕಾರದಲ್ಲೂ ಹೀಗೇ ಅಲ್ವಾ? ಮೊದಲು ಮನಸ್ಸಿಗೆ ನೋವಾಗಬೇಕು, ಆಮೇಲೆ ಬಾಯಿಬಿಟ್ಟು ಹೇಳಬೇಕು, ಪ್ರಾಯಶ್ಚಿತ್ತವನ್ನೂ ಮಾಡಬೇಕು. 1910ರಲ್ಲಿ ಪೋಪ್ ಹತ್ತನೇ ಪಯಸ್ ಅವರು ಸುಮಾರು ಏಳನೇ ವಯಸ್ಸಿಗೆ, ಸರಿತಪ್ಪು ತಿಳಿಯುವ ಹೊತ್ತಿಗೆ, ಮಕ್ಕಳು ಪಾಪನಿವೇದನೆ ಮಾಡಿ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬಹುದು ಎಂದು ತಿಳಿಸಿದರು. ಆ ತಯಾರಿ ನಡೆಯುವುದು ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ. ಮೈದಾನದಲ್ಲಿ ರಾಜಿಯಾಗಿ ಅಭ್ಯಾಸವಿರುವ ಮಗುವಿಗೆ ಆ ಪಾಠ ಹೊಸದು ಅನ್ನಿಸುವುದಿಲ್ಲ. ಗೆಳತಿಯ ಗೋಪುರ ಬೀಳಿಸಿದವಳು ಕೂತು ಅದನ್ನು ಮತ್ತೆ ಕಟ್ಟಿಕೊಡುತ್ತಾಳಲ್ಲ, ಪ್ರಾಯಶ್ಚಿತ್ತ ಏನೆಂದು ಅವಳಿಗೆ ಕೈಯಿಂದಲೇ ಗೊತ್ತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಹೊಡೆತ, ಬೆದರಿಕೆ, ಒಬ್ಬರನ್ನೇ ದಿನವೂ ಹಿಡಿದು ಕಾಡಿಸುವುದು, ಕೆಟ್ಟ ರೀತಿಯಲ್ಲಿ ಮೈ ಮುಟ್ಟುವುದು, ಇಲ್ಲಿ ಈ ಮೆಟ್ಟಿಲುಗಳು ಇಲ್ಲ. "ನೀನೇ ಹೋಗಿ ಮಾತಾಡು" ಎಂದು ಪೆಟ್ಟು ತಿಂದ ಮಗುವನ್ನು ವಾಪಸ್ ಕಳಿಸಿದರೆ ಅದು ಶುಭಸಂದೇಶವಲ್ಲ, ಕ್ರೌರ್ಯ. ಅಂಥ ವಿಷಯ ತಕ್ಷಣ ದೊಡ್ಡವರ ಕೈಗೆ ಬರಬೇಕು, ಬರಹದಲ್ಲಿ ದಾಖಲಾಗಬೇಕು, ಮನೆಯವರಿಗೆ ತಿಳಿಯಬೇಕು. ಅದೇ 18ನೇ ಅಧ್ಯಾಯದಲ್ಲಿ ಯೇಸು ಶಿಷ್ಯ ಪೇತ್ರನಿಗೆ ಹೇಳಿದ ಏಳೆಪ್ಪತ್ತು ಸಲದ, ಅಂದರೆ ಲೆಕ್ಕವಿಡದ, ಕ್ಷಮೆಯೂ ಇದೆ. ಈ ಚಿಕ್ಕವರನ್ನು ಪಾಪಕ್ಕೆ ಎಳೆಯುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದ ಆಳಕ್ಕೆ ಮುಳುಗಿಸುವುದೇ ಲೇಸು ಎಂಬ ಮಾತೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಇದೆಲ್ಲ ನಡೆಯಬೇಕಾದರೆ ಟೀಚರುಗಳು ಮಕ್ಕಳ ನಡುವೆ ಇರಬೇಕು. ಬಡ ಹುಡುಗರಿಗಾಗಿ ದುಡಿದ ಇಟಲಿಯ ಗುರು ಸಂತ ಜಾನ್ ಬೋಸ್ಕೊ (1815–1888) ತಮ್ಮ ಶಿಕ್ಷಣ ಪದ್ಧತಿಗೆ ವಿವೇಕ, ಧರ್ಮ, ಅಕ್ಕರೆ ಎಂಬ ಮೂರು ಆಧಾರ ಇಟ್ಟುಕೊಂಡಿದ್ದರು. ತಪ್ಪಾದ ಮೇಲೆ ಶಿಕ್ಷಿಸುವ ಬದಲು, ತಪ್ಪಾಗದ ಹಾಗೆ ಮಕ್ಕಳ ಜೊತೆಗೇ ಇರುವುದು ಅವರ ರೀತಿ. ನಾನೂ ಬಿಡುವಿನಲ್ಲಿ ಮೈದಾನಕ್ಕೆ ಹೋಗಿ ಆಟಕ್ಕೆ ಸೇರತೊಡಗಿದೆ. ಯಾರು ಯಾವಾಗಲೂ ಒಂಟಿ, ಯಾರನ್ನು ಕೊನೆಗೆ ಆರಿಸುತ್ತಾರೆ, ಇವೆಲ್ಲ ಅಲ್ಲಿ ನಿಂತರೆ ಮಾತ್ರ ಕಾಣುತ್ತವೆ. ದೊಡ್ಡ ತರಗತಿಯ ಒಬ್ಬೊಬ್ಬರಿಗೆ ಒಂದನೇ ತರಗತಿಯ ಒಬ್ಬೊಬ್ಬರನ್ನು ಜೊತೆ ಮಾಡಿದ್ದೂ ಹೀಗೆ ನೋಡಿದ ಮೇಲೆಯೇ. ಬಲಿಪೂಜೆಯಲ್ಲಿ (ಚರ್ಚಿನ ಪೂಜೆಯಲ್ಲಿ) ಅವರು ಪಕ್ಕಪಕ್ಕ ಕೂರುತ್ತಾರೆ, ದೊಡ್ಡವನು ಪುಸ್ತಕದ ಪುಟ ತಿರುಗಿಸಿಕೊಡುತ್ತಾನೆ.

ನಮ್ಮಲ್ಲಿ ಬೇರೆ ಧರ್ಮದ ಮಕ್ಕಳೂ ಇದ್ದರು. ಶಿಲುಬೆ ಗುರುತು ಹಾಕಲೇಬೇಕು, ಪ್ರಾರ್ಥನೆ ಹೇಳಲೇಬೇಕು ಎಂದು ಯಾರನ್ನೂ ಒತ್ತಾಯಿಸಲಿಲ್ಲ. ನಂಬಿಕೆಯ ವಿಷಯದಲ್ಲಿ ಬಲವಂತ ಕೂಡದು ಎಂದು ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಸುಮ್ನೆ ಗೌರವದಿಂದ ಕೂತಿದ್ದರೆ ಸಾಕು. ಅವರ ಮನೆಯಲ್ಲಿ ಹೇಗೆ ಪ್ರಾರ್ಥಿಸುತ್ತಾರೆ ಎಂದು ಉಳಿದವರು ಕೇಳಿ ತಿಳಿದುಕೊಳ್ಳುತ್ತಿದ್ದರು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕೂಡಿಸುವ ಕಾಣಿಕೆಯಲ್ಲೂ ಒಂದು ಬದಲಾವಣೆ ಮಾಡಿದೆವು. ಯಾವ ತರಗತಿ ಎಷ್ಟು ಕೂಡಿಸಿತು ಎಂದು ಓದಿ ಹೇಳುವುದನ್ನು ನಿಲ್ಲಿಸಿದೆವು. ಎರಡೇ ಕಾಸು ಹಾಕಿದ ಬಡ ವಿಧವೆ ಎಲ್ಲರಿಗಿಂತ ಹೆಚ್ಚು ಕೊಟ್ಟಳು ಎಂದು ಯೇಸು ಹೇಳಿದ ಕಥೆ ಹೇಳಿದ ಮೇಲೆ ಮೊತ್ತಕ್ಕೆ ಚಪ್ಪಾಳೆ ಹೊಡೆಸುವುದು ಹೇಗೆ? ಹಣ ತರಲಾಗದ ಮಗು ಮನೆಯಲ್ಲಿ ಅಜ್ಜಿಗೆ ಓದಿ ಹೇಳಿದ್ದನ್ನೂ ಕಾಣಿಕೆ ಎಂದೇ ಚೀಟಿಯಲ್ಲಿ ಬರೆದು ಹಾಕಬಹುದಿತ್ತು, ಹೆಸರು ಬೇಕಿರಲಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಪೋಷಕರ ಜೊತೆಗಿನ ಮಾತು. ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿ ಎಂದು ಅದೇ ಮಹಾಸಭೆ 1965ರ ಶಿಕ್ಷಣದ ಬಗೆಗಿನ ಘೋಷಣೆಯಲ್ಲಿ ಹೇಳಿದೆ. ಹಾಗಿದ್ದ ಮೇಲೆ ಅವರನ್ನು ಬಿಟ್ಟು ಮೌಲ್ಯ ಕಲಿಸಲಾಗದು. "ಹೊಡೆದರೆ ತಿರುಗಿಸಿ ಹೊಡಿ ಅಂತ ನಾವೇ ಹೇಳಿದ್ದೇವೆ" ಎಂದು ಕೆಲವು ಅಪ್ಪಂದಿರು ನೇರವಾಗಿ ಹೇಳಿದರು. ಅವರ ಭಯ ಸುಳ್ಳಲ್ಲ, ತಮ್ಮ ಮಗು ಪೆಟ್ಟು ತಿಂದು ಬರಬಾರದು ಅಷ್ಟೇ. ಹೊಡೆತದ ವಿಷಯದಲ್ಲಿ ನಾವು ಏನು ಮಾಡುತ್ತೇವೆ ಎಂದು ಮೊದಲು ಬಿಡಿಸಿ ಹೇಳಿದೆ, ಆಮೇಲೆ ಮೂರು ಮೆಟ್ಟಿಲುಗಳನ್ನು ವಿವರಿಸಿದೆ. ಮನೆಯಲ್ಲಿ ಅಣ್ಣತಂಗಿ ಜಗಳವಾಡಿದಾಗಲೂ "ಅವಳಿಗೆ ಹೇಳಿದೆಯಾ?" ಎಂದೇ ಕೇಳಿ ನೋಡಿ ಎಂದೆ. ಈಗ ಪ್ರತಿ ವರ್ಷ ಮೊದಲ ಪೋಷಕರ ಸಭೆಯಲ್ಲಿ ಅಂಕಪಟ್ಟಿ, ಸಮವಸ್ತ್ರದ ಮಾತಿಗಿಂತ ಮುಂಚೆ ಇದನ್ನೇ ಮಾತಾಡುತ್ತೇವೆ. ಹಳೆಯ ಪೋಷಕರೇ ಹೊಸಬರಿಗೆ ಹೇಳಿಕೊಡುತ್ತಾರೆ.