ಚೆಕ್‌ಪೋಸ್ಟ್ ದಾಟಿ ಆಸ್ಪತ್ರೆಗೆ: ಪಶ್ಚಿಮ ದಂಡೆಯ ಮಗುವಿಗೆ ಚಿಕಿತ್ಸೆ ಕೊಡಿಸುವ ಕ್ರಮ

ಇಸ್ರೇಲಿನ ಸೇನಾ ಹಿಡಿತದಲ್ಲಿರುವ ಪ್ಯಾಲೆಸ್ಟೀನಿ ಪ್ರದೇಶವಾದ ಪಶ್ಚಿಮ ದಂಡೆಯ ಹೆಬ್ರಾನ್ ಅಥವಾ ಜೆನಿನ್ ನಗರದ ಮಗುವಿಗೆ ಕ್ಯಾನ್ಸರ್ ಅಥವಾ ಹೃದಯದ ಕಾಯಿಲೆ ಪತ್ತೆಯಾಗಿ, ಬೇಕಾದ ಚಿಕಿತ್ಸೆ ಊರಲ್ಲಿ ಸಿಗದಿದ್ದರೆ, ಪೂರ್ವ ಜೆರುಸಲೇಮಿನ ಅಗಸ್ಟಾ ವಿಕ್ಟೋರಿಯಾ, ಮಕಾಸೆದ್ ಆಸ್ಪತ್ರೆಗಳಿಗೋ ಇಸ್ರೇಲಿನ ಆಸ್ಪತ್ರೆಗೋ ಕರೆದೊಯ್ಯಬೇಕಾಗುತ್ತದೆ. ಕುಟುಂಬಕ್ಕೆ ನೆರವಾಗುವವರು ವಾಹನದ ಯೋಚನೆಗೂ ಮೊದಲು ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಬೇಕು.

ಮೊದಲು ಸ್ಥಳೀಯ ವೈದ್ಯರ ರೆಫರಲ್ ಪತ್ರ, ನಂತರ ವೆಚ್ಚ ಭರಿಸಲು ಪ್ಯಾಲೆಸ್ಟೀನಿ ಆರೋಗ್ಯ ಸಚಿವಾಲಯದ ಒಪ್ಪಿಗೆ, ಆಮೇಲೆ ಆಸ್ಪತ್ರೆ ಲಿಖಿತವಾಗಿ ಕೊಡುವ ದಿನಾಂಕ. ಇವು ಕೈಗೆ ಬಂದ ಮೇಲೆಯೇ ಚೆಕ್‌ಪೋಸ್ಟ್ ದಾಟಲು ಬೇಕಾದ ಇಸ್ರೇಲಿ ಅಧಿಕಾರಿಗಳ ಪರ್ಮಿಟ್‌ಗೆ ಅರ್ಜಿ. ಆ ದಿನಾಂಕದೊಳಗೆ ಉತ್ತರ ಬಾರದಿದ್ದರೆ ಹೊಸ ದಿನಾಂಕ ಪಡೆದು ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಹೆಸರಿನ ಕಾಗುಣಿತವೂ ಗುರುತಿನ ಸಂಖ್ಯೆಯೂ ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಇವೆಯೇ ಎಂದು ಅಕ್ಷರ ಅಕ್ಷರವಾಗಿ ನೋಡಿ.

ಹೆಚ್ಚಿನ ತೊಡಕು ಇರುವುದು ಜೊತೆಗೆ ಹೋಗುವವರ ಪರ್ಮಿಟ್‌ನಲ್ಲಿ. ಮಗುವಿಗೆ ಅನುಮತಿ ಸಿಕ್ಕು, ಭದ್ರತೆಯ ಕಾರಣ ಹೇಳಿ ತಂದೆಗೋ ತಾಯಿಗೋ ನಿರಾಕರಿಸುವುದುಂಟು. ವಯಸ್ಸಾದವರಿಗೆ ಅದು ಸುಲಭವಾಗಿ ಸಿಗುವುದರಿಂದ ಎಷ್ಟೋ ಮಕ್ಕಳು ಅಜ್ಜಿಯೊಡನೆ ಹೋಗುತ್ತವೆ. ಆದ್ದರಿಂದ ಅಜ್ಜಿಗೂ ರೋಗದ ವಿವರ, ಔಷಧದ ಹೊತ್ತು, ಅಲರ್ಜಿಗಳನ್ನು ಮೊದಲೇ ತಿಳಿಸಿ, ಬರೆದೂ ಕೊಡಿ. ನಿರಾಕರಣೆ ಬಂದರೆ, ತಡವಾದರೆ ಏನಾಗುತ್ತದೆಂದು ಸ್ಪಷ್ಟವಾಗಿ ಬರೆದ ವೈದ್ಯರ ಪತ್ರದೊಂದಿಗೆ ಇಸ್ರೇಲಿನ ವೈದ್ಯರ ಮಾನವ ಹಕ್ಕು ಸಂಸ್ಥೆಯಾದ 'ಫಿಸಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಇಸ್ರೇಲ್' ಅನ್ನು ಸಂಪರ್ಕಿಸಬಹುದು.

ಪ್ಯಾಲೆಸ್ಟೀನಿ ನೋಂದಣಿಯ ವಾಹನ ಸಾಮಾನ್ಯವಾಗಿ ಗಡಿ ದಾಟುವಂತಿಲ್ಲ. ಆಂಬುಲೆನ್ಸ್ ಆದರೆ ಎರಡು ಗಾಡಿಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಸ್ಟ್ರೆಚರ್ ಬದಲಿಸುತ್ತಾರೆ; ಕಾಯುವ ಹೊತ್ತನ್ನೂ ಲೆಕ್ಕಹಾಕಿ ಆಮ್ಲಜನಕ ಇಟ್ಟುಕೊಳ್ಳಿ. ನಡೆಯಬಲ್ಲ ಮಕ್ಕಳಾದರೆ ಚೆಕ್‌ಪೋಸ್ಟ್‌ನ ಆಚೆ ಬದಿಯಿಂದ ಆಸ್ಪತ್ರೆಗೆ 'ರೋಡ್ ಟು ರಿಕವರಿ'ಯ ಇಸ್ರೇಲಿ ಸ್ವಯಂಸೇವಕರು ತಮ್ಮ ಕಾರಿನಲ್ಲೇ ಕರೆದೊಯ್ಯುತ್ತಾರೆ. ಇದನ್ನು ಕಟ್ಟಿದ ಯುವಲ್ ರಾಥ್ ಅವರ ಸಹೋದರನನ್ನು 1993ರಲ್ಲಿ ಹಮಾಸ್ ಕೊಂದಿತ್ತು ಎಂಬುದು ಇಲ್ಲಿ ಹೇಳಬೇಕಾದ ಮಾತು. ಹೃದಯ ಶಸ್ತ್ರಚಿಕಿತ್ಸೆಯಾದರೆ ಹೊಲೊನ್‌ನ ವುಲ್ಫ್‌ಸನ್ ಆಸ್ಪತ್ರೆಯಲ್ಲಿ 1995ರಿಂದ ಕೆಲಸ ಮಾಡುತ್ತಿರುವ 'ಸೇವ್ ಎ ಚೈಲ್ಡ್ಸ್ ಹಾರ್ಟ್' ಎಂಬ ಮಕ್ಕಳ ಹೃದಯ ಚಿಕಿತ್ಸೆಯ ಸಂಸ್ಥೆಯನ್ನೂ ಕೇಳಿ ನೋಡಿ.

ಗಾಜಾದ ಮಕ್ಕಳಿಗೆ ಈ ಕ್ರಮ ಅನ್ವಯಿಸದು. ಅವರು ಹಾದುಬರುತ್ತಿದ್ದ, ಗಾಜಾ-ಇಸ್ರೇಲ್ ಗಡಿಯ ಎರೆಜ್ ದ್ವಾರ 2023ರ ಅಕ್ಟೋಬರ್ 7ರ ಹಮಾಸ್ ದಾಳಿಯೊಂದಿಗೆ ಮುಚ್ಚಿತು. ಆ ಬಳಿಕ ರೋಗಿಗಳನ್ನು ಹೊರದೇಶಗಳಿಗೆ ಸಾಗಿಸುವ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆ ಸಂಯೋಜಿಸುತ್ತಿದೆ.

ಇಸ್ರೇಲಿನ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಡಿಸ್ಚಾರ್ಜ್ ಸಮ್ಮರಿ ಹೀಬ್ರೂ ಭಾಷೆಯಲ್ಲಿದ್ದರೆ, ಊರಿನ ವೈದ್ಯರಿಗೆಂದು ಇಂಗ್ಲಿಷ್ ಪ್ರತಿಯನ್ನೂ ಕೇಳಿ ಪಡೆಯಿರಿ. ಮುಂದಿನ ಭೇಟಿಯ ದಿನಾಂಕವನ್ನು ಬರೆಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ, ಏಕೆಂದರೆ ಮುಂದಿನ ಪರ್ಮಿಟ್ ಅರ್ಜಿಗೆ ಬೇಕಾಗುವುದು ಅದೇ ಕಾಗದ.