ಎರೆ ಹೊಲದಲ್ಲಿ ಎರಡು ಗಾಡಿ

ನಮ್ಮ ಹೊಲ ವಿಜಯಪುರ ಜಿಲ್ಲೆಯ ಸಾರವಾಡದ ಕಡೆ, ಡೋಣಿ ನದಿ ದಂಡೆಗೆ ಇದೆ. ಮನೆಯಿಂದ ನಾಲ್ಕು ಕಿಲೋಮೀಟರ್. ಅದರಲ್ಲಿ ಕೊನೆಯ ಎರಡೂವರೆ ಬಂಡಿದಾರಿ. ಬೇಸಿಗೆಯಲ್ಲಿ ಯಾವ ಕಾರಾದರೂ ಹೋಗುತ್ತದೆ. ಮಳೆ ಬಿದ್ದರೆ ಮುಗಿಯಿತು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನುತ್ತಾರಲ್ಲ, ಆ ಕಾಳು ಕೊಡುವ ಕರಿ ಎರೆಮಣ್ಣೇ ಗಾಲಿಯನ್ನೂ ಹಿಡಿದು ಕೂರುವುದು. ಹಸಿ ಇದ್ದಾಗ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿಯಬೇಕು, ಅಷ್ಟು ಮಣ್ಣು ಮೆತ್ತುತ್ತದೆ.

ನನ್ನ ಹತ್ತಿರ ಎರಡು ಫೋರ್ ವೀಲ್ ಗಾಡಿ ಇವೆ, ಅಂದರೆ ಬೇಕಾದಾಗ ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಕೊಡುವಂಥವು. ಮೊದಲನೆಯದು 1998ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ ಪೆಟ್ರೋಲ್ ಎಂಜಿನ್, ಕಾರ್ಬುರೇಟರ್, ಮುಂದೆ ಹಿಂದೆ ಎರಡೂ ಕಡೆ ಪಾಟಾ, ಅಂದರೆ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್. ಸೈನ್ಯದವರು ಹರಾಜು ಹಾಕಿದ ಗಾಡಿ, ಒಬ್ಬರ ಕೈ ದಾಟಿ ನನಗೆ ಬಂತು. ಸೈನ್ಯದ ಆಲಿವ್ ಹಸಿರು ಬಣ್ಣ ಖಾಸಗಿ ಗಾಡಿಗೆ ಇರುವಂತಿಲ್ಲ, ಹಾಗಾಗಿ ಬಿಳಿ ಬಣ್ಣ ಹೊಡೆಸಿದ್ದಾರೆ. ಬಾಗಿಲ ಸಂದಿಯಲ್ಲಿ ಇನ್ನೂ ಹಸಿರು ಕಾಣುತ್ತದೆ.

ಎರಡನೆಯದು ಡೀಸೆಲ್, ಆಟೋಮ್ಯಾಟಿಕ್. ದೊಡ್ಡ ಸ್ಕ್ರೀನ್, ಕ್ಯಾಮೆರಾ, ಆರು ಏರ್‌ಬ್ಯಾಗ್, ಫೋರ್ ವೀಲ್ ಹಾಕಲು ಒಂದು ತಿರುಗಿಸುವ ಬಟನ್. ಕಂಪನಿಯ ಹೆಸರು ಬೇಡ.

ಹೊಸದು ಬಂದಾಗ ಜಿಪ್ಸಿ ಮಾರುವುದೆಂದು ಮನೆಯಲ್ಲಿ ತೀರ್ಮಾನ ಆಗಿತ್ತು. ಒಂದು ಹಿಂಗಾರಿ ಕಳೆಯಲಿ, ಆಮೇಲೆ ನೋಡೋಣ ಅಂದೆ. ಸೆಪ್ಟೆಂಬರ್ ಕೊನೆ. ಮೂರು ದಿನ ಮಳೆ ಹೊಡೆದು ಒಂದು ದಿನ ಬಿಸಿಲು ಬಿದ್ದಿತ್ತು. ಕಡಲೆ ಬಿತ್ತಲು ಹದ ಬಂತಾ ನೋಡಬೇಕಿತ್ತು. ಹೊಸ ಗಾಡಿಯನ್ನೇ ತೆಗೆದುಕೊಂಡು ಹೊರಟೆ.

ಅದು ಎಲ್ಲೂ ನಿಲ್ಲಲಿಲ್ಲ. ಅದೇ ತಪ್ಪಾಯಿತು.

ಯಾಕೆ ನಿಲ್ಲಲಿಲ್ಲ ಅಂದರೆ, ಈ ಗಾಡಿಗಳಲ್ಲಿ ಒಂದು ಗಾಲಿ ಸುಮ್ನೆ ತಿರುಗತೊಡಗಿದರೆ ಕಂಪ್ಯೂಟರ್ ಅದಕ್ಕೆ ಬ್ರೇಕ್ ಹಿಡಿಯುತ್ತದೆ, ಜೋರು ಇನ್ನೊಂದು ಗಾಲಿಗೆ ಹೋಗುತ್ತದೆ. ಕುಳಿತವನಿಗೆ ಬರೀ ಕಟ್ ಕಟ್ ಸದ್ದು. ಕಲ್ಲಿನ ಗುಡ್ಡದಲ್ಲಿ ಇದಕ್ಕೆ ಸಾಟಿ ಇಲ್ಲ, ನಾನೇ ನೋಡಿದ್ದೇನೆ. ನಮ್ಮ ಎರೆಯಲ್ಲಿ ಆದದ್ದು ಬೇರೆ. ದಾರಿ ಕೆಟ್ಟಿದೆ ಅನ್ನುವ ಸುದ್ದಿ ನನಗೆ ತಲುಪಲೇ ಇಲ್ಲ. ಎರಡು ಕಿಲೋಮೀಟರ್ ಆರಾಮಾಗಿ ಹೋದೆ. ಹಳ್ಳ ದಾಟುವ ತಗ್ಗಿನಲ್ಲಿ ನಾಲ್ಕೂ ಗಾಲಿ ಒಟ್ಟಿಗೆ ಇಳಿದವು. ಬಾಗಿಲು ತೆಗೆದರೆ ಕೆಳಗಿನ ಅಂಚು ರಾಡಿಗೆ ತಾಗಿತು. ಗಾಡಿ ಹೊಟ್ಟೆಯ ಮೇಲೆ ಮಲಗಿತ್ತು.

ಹಿಂದಿನ ವರ್ಷ ಇದೇ ದಾರಿಯಲ್ಲಿ ಜಿಪ್ಸಿಯೂ ಸಿಕ್ಕಿಕೊಂಡಿತ್ತು. ಆದರೆ ಡಾಂಬರಿನಿಂದ ಮುನ್ನೂರು ಮಾರು ದೂರದಲ್ಲಿ. ಅದರಲ್ಲಿ ಬ್ರೇಕ್ ಹಿಡಿಯುವ ಕಂಪ್ಯೂಟರ್ ಇಲ್ಲ. ಒಂದು ಗಾಲಿ ಜಾರಿದರೆ ಸ್ಟೇರಿಂಗ್ ಹಗುರಾಗುತ್ತದೆ, ಎಂಜಿನ್ ಸದ್ದು ಏರುತ್ತದೆ, ಕೂತಲ್ಲೇ ಗೊತ್ತಾಗುತ್ತದೆ. ಆಗ ನಿಲ್ಲಿಸಿ ಬಂದ ಗಾಲಿಗುರುತಿನಲ್ಲೇ ಹಿಂದೆ ಬರಬೇಕು. ನಾನು ಸ್ವಲ್ಪ ತಡ ಮಾಡಿದ್ದೆ ಅಷ್ಟೇ. ಮೂರು ಜನ ನೂಕಿದರು, ಬಂತು. ಅದರ ತೂಕ ಒಂದು ಟನ್ನಿನ ಆಚೀಚೆ. ಹೊಸದು ಎರಡು ಟನ್ನಿನ ಹತ್ತಿರ. ಅದನ್ನು ನೂಕುವ ಮಾತೇ ಇಲ್ಲ.

ಪಕ್ಕದ ಹೊಲದ ಕಾಕಾ ಟ್ರ್ಯಾಕ್ಟರ್ ತಂದರು. ಎಳೆಯುವ ಕೊಕ್ಕೆ ಎಲ್ಲಿ ಅಂದರು. ಹೊಸ ಗಾಡಿಯಲ್ಲಿ ಅದನ್ನು ಡಿಕ್ಕಿಯಿಂದ ತೆಗೆದು, ಬಂಪರಿನ ಪ್ಲಾಸ್ಟಿಕ್ ಬಿರಡೆ ಬಿಚ್ಚಿ, ತಿರುಗಿಸಿ ಕೂರಿಸಬೇಕು. ಆ ಬಿರಡೆ ಒಂದು ಮೊಳ ರಾಡಿಯ ಕೆಳಗಿತ್ತು. ಕೈಯಲ್ಲೇ ಮಣ್ಣು ತೋಡಿದೆವು. ಒಂದು ಟ್ರ್ಯಾಕ್ಟರಿಗೆ ಆಗಲಿಲ್ಲ, ಎರಡನೆಯದನ್ನು ಕರೆಸಿದೆವು. ಸಂಜೆ ಆರಕ್ಕೆ ಹೊರಗೆ ಬಂತು. ಕಾಕಾ ಕೈ ತೊಳೆಯುತ್ತಾ ಹೇಳಿದ್ದು ಇಷ್ಟು: "ಏ ತಮ್ಮಾ, ಹಳೇದರಾಗ ಬಂದಿದ್ರ ಅಲ್ಲೇ ರೋಡಿನ ಬಾಜೂಕ ಸಿಗಾಕೊಂತಿತ್ತು. ನನಗ ಇಷ್ಟು ದೂರ ಬರೋದು ತಪ್ಪತಿತ್ತು."

ನಾನು ನಕ್ಕೆ. ರಾತ್ರಿ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ ಅನ್ನಿಸಿತು.

ಮರುದಿನ ತೊಳೆಸಿದಾಗ ಉಳಿದ ಲೆಕ್ಕ ಸಿಕ್ಕಿತು. ಗಾಲಿಯ ಮೇಲಿನ ಒಳ ಪ್ಲಾಸ್ಟಿಕ್ ಎರಡು ಕಡೆ ಹರಿದಿತ್ತು. ಎರೆಮಣ್ಣು ಟೈರಿನ ಹಲ್ಲುಗಳಲ್ಲಿ ತುಂಬಿ, ಆಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಟ್ಟಿಕೊಳ್ಳುತ್ತದೆ. ಅಗಲ ಟೈರಾದರೆ ಜಾಸ್ತಿ ಮಣ್ಣು, ಕಡಿಮೆ ಸಂದು. ಜಿಪ್ಸಿಗೆ 205 ಮಿಲಿಮೀಟರ್ ಅಗಲದ ಟೈರ್, ಮೇಲೆ ಬರೀ ತಗಡು, ಸಂದು ಬೇಕಾದಷ್ಟು. ಒಂದು ಬಡಿಗೆ ಹಾಕಿ ಕೆದರಿದರೆ ಮಣ್ಣು ಬೀಳುತ್ತದೆ. ಹೊಸದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಮೂರು ಹಳದಿ ದೀಪ ಹತ್ತಿದ್ದವು. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ನೋಡುವ ಎಬಿಎಸ್ಸಿಗೆಂದು ಪ್ರತಿ ಗಾಲಿಯ ಹತ್ತಿರ ವೇಗ ಅಳೆಯುವ ಸೆನ್ಸರ್ ಇರುತ್ತದೆ. ಅದು ಒಂದು ಕೆಟ್ಟರೆ ಎಬಿಎಸ್, ಜಾರುವ ಗಾಲಿಗೆ ಬ್ರೇಕ್ ಹಿಡಿಯುವ ಟ್ರ್ಯಾಕ್ಷನ್, ಫೋರ್ ವೀಲ್ ಮೂರೂ ಮುನಿಸಿಕೊಳ್ಳುತ್ತವೆ. ಬೆರಳುದ್ದದ ಸಾಮಾನು. ಊರಲ್ಲಿ ಸಿಗಲಿಲ್ಲ. ತರಿಸಲು ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಹದ ಹೋಗುತ್ತದೆ, ಕಡಲೆ ಕಾಯುತ್ತದಾ? ಬಿತ್ತನೆಗೆ ಜಿಪ್ಸಿಯೇ ಓಡಾಡಿತು. ಮಾರುವ ಮಾತು ಅಲ್ಲಿಗೆ ನಿಂತಿತು.

ಆ ಮೇಲೆ ಜಿಪ್ಸಿಗೆ ಸ್ವಲ್ಪ ಮರ್ಯಾದೆ ಕೊಟ್ಟೆ. ಅದನ್ನೇ ವಿವರವಾಗಿ ಬರೆಯಬೇಕು, ಯಾಕೆಂದರೆ ಹಳೆ ಗಾಡಿ ತಗೊಂಡು ಸುಮ್ನೆ ಬಿಟ್ಟವರೇ ಜಾಸ್ತಿ. ನಾನೂ ಅವರಲ್ಲೊಬ್ಬ ಆಗಿದ್ದೆ.

ಒಮ್ಮೆ ಮುಂದಿನ ಡಿಫರೆನ್ಷಿಯಲ್, ಅಂದರೆ ಆಕ್ಸಲ್ ನಡುವೆ ಎರಡೂ ಗಾಲಿಗೆ ಜೋರು ಹಂಚುವ ಗೇರಿನ ಡಬ್ಬಿ, ಅದರ ಆಯಿಲ್ ಇಳಿಸಿದರೆ ಹಾಲು ಹಾಕಿದ ಚಹಾದ ಬಣ್ಣ ಬಂತು. ಒಳಗೆ ನೀರು ಸೇರಿದೆ ಅಂತ ಅರ್ಥ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಎಳೆಯುತ್ತದೆ. ಉಸಿರು ಬಿಡಲು ಮೇಲೆ ಒಂದು ಚಿಕ್ಕ ನಳಿಕೆ ಇರುತ್ತದೆ, ಅದೂ ನೀರಿನಲ್ಲೇ ಇದ್ದರೆ ನೀರನ್ನೇ ಕುಡಿಯುತ್ತದೆ. ಮಿಸ್ತ್ರಿ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿದ. ಖರ್ಚು ಒಂದು ಊಟದಷ್ಟೂ ಆಗಲಿಲ್ಲ. ಆಮೇಲೆ ಆಯಿಲ್ ಬಿಳಿಯಾಗಿಲ್ಲ. ಮಳೆಗಾಲ ಮುಗಿದ ಮೇಲೆ ಬೋಲ್ಟ್ ಸಡಿಲಿಸಿ ಎರಡು ಹನಿ ನೋಡುತ್ತೇನೆ, ಅಷ್ಟೇ.

ಇನ್ನೊಂದು, ಮುಂದಿನ ಗಾಲಿಯ ನಡುವೆ ಇರುವ ಹಬ್ ಲಾಕ್. ಕೈಯಲ್ಲಿ ತಿರುಗಿಸುವುದು. ಇದನ್ನು ಲಾಕ್ ಮಾಡದೆ ಒಳಗೆ ಫೋರ್ ವೀಲ್ ಲಿವರ್ ಎಳೆದರೆ ಮುಂದಿನ ಗಾಲಿಗೆ ಜೋರು ಏನೂ ಬರುವುದಿಲ್ಲ. ಮೊದಲ ವರ್ಷ ನಾನು ರಾಡಿಯಲ್ಲಿ ಸಿಕ್ಕ ಮೇಲೆ ನೆನಪಾಗಿ ಇಳಿಯುತ್ತಿದ್ದೆ, ಮೊಣಕಾಲವರೆಗೆ ಕೆಸರಲ್ಲಿ ನಿಂತು ತಿರುಗಿಸುತ್ತಿದ್ದೆ. ಈಗ ಡಾಂಬರು ಮುಗಿಯುವ ಬೇವಿನ ಮರದ ಕೆಳಗೆ ನಿಲ್ಲಿಸಿ ಲಾಕ್ ಮಾಡಿಯೇ ಮುಂದೆ. ವಾಪಸ್ ಬರುವಾಗ ಅಲ್ಲೇ ಬಿಚ್ಚುತ್ತೇನೆ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಓಡಿಸಿದರೆ ಗೇರುಗಳು ಒಂದಕ್ಕೊಂದು ತಿರುಚಿಕೊಂಡು ಸವೆಯುತ್ತವೆ.

ಹಳ್ಳದಲ್ಲಿ ಒಮ್ಮೆ ನಡುನೀರಲ್ಲೇ ಜಿಪ್ಸಿ ಬಂದ್ ಬಿತ್ತು. ಫ್ಯಾನು ನೀರು ಎರಚಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ತೋಯ್ದಿತ್ತು. ಮುಚ್ಚಳ ತೆಗೆದು ಹೆಗಲ ಮೇಲಿನ ಟವೆಲ್‌ನಿಂದ ಒರೆಸಿದೆ, ಚಾಲೂ ಆಯಿತು. ಈಗ ಮಳೆಗಾಲಕ್ಕೆ ಅದರ ಮೇಲೆ ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ ಕಟ್ಟಿರುತ್ತೇನೆ. ನೋಡಲು ಚೆಂದ ಇಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಹಳೆಯದನ್ನೇ ತಗೊಳ್ಳಿ ಅಂದ ಹಾಗಲ್ಲ. ಜಿಪ್ಸಿಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಬಂದವರಿಗೆ ಗೊತ್ತು. ಒಂದು ಕಡೆಗೆ ನೂರು ಕಿಲೋಮೀಟರಿನ ಮೇಲೆ. ಎಸಿ ಇಲ್ಲ, ನಮ್ಮ ಮೇ ತಿಂಗಳ ಬಿಸಿಲು, ಪಾಟಾ ಕೊಡುವ ಹೊಡೆತ. ಸೊಂಟ ಬೇರೆ, ನಾವು ಬೇರೆ ಆಗಿರುತ್ತೇವೆ. ಅದೂ ಸಹಿಸಬಹುದು. ಬ್ರೇಕ್ ಸಹಿಸಲು ಆಗುವುದಿಲ್ಲ. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ರಾತ್ರಿ ಹಿಂದಿನ ದೀಪ ಇಲ್ಲದೆ ಹೋಗುವ ರಸ್ತೆ ನಮ್ಮದು. ಒಮ್ಮೆ ಹಾಗೇ ಒಂದು ಟ್ರ್ಯಾಕ್ಟರ್ ಮುಂದೆ ಹೋಗುತ್ತಿದ್ದದ್ದು ಒಮ್ಮೆಲೇ ಕಂಡು ಬ್ರೇಕ್ ಒತ್ತಿದಾಗ ಜಿಪ್ಸಿ ಅಡ್ಡ ತಿರುಗಿ ನಿಂತಿತು. ಅವತ್ತಿನಿಂದ ಹೆಂಡತಿ ಮಕ್ಕಳು ಅದರಲ್ಲಿ ಹೆದ್ದಾರಿಗೆ ಬರುವುದಿಲ್ಲ. ನಾನೂ ಕರೆಯುವುದಿಲ್ಲ.

ಹೊಸದಕ್ಕೆ ಹೆದ್ದಾರಿಯೇ ಬೇಕು, ಇದು ತಮಾಷೆಯಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಎಂಬ ಹೊಗೆ ನಿಯಮದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ತುಂಬಿದಾಗ ಅದು ತನ್ನಷ್ಟಕ್ಕೆ ಬಿಸಿಯಾಗಿ ಮಸಿ ಸುಟ್ಟುಕೊಳ್ಳಬೇಕು. ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಹೊಲ, ಹೊಲದಿಂದ ಮನೆ, ನಾಲ್ಕು ಕಿಲೋಮೀಟರ್, ಫಸ್ಟ್ ಗೇರು ಸೆಕೆಂಡ್ ಗೇರು ಅಂತ ಓಡಿಸಿದರೆ ಮಸಿ ತುಂಬುತ್ತಲೇ ಹೋಗುತ್ತದೆ. ದೀಪ ಹತ್ತಿದರೂ ಕೇಳದೆ ಓಡಿಸಿದರೆ ಗಾಡಿ ಜೋರೇ ಕೊಡುವುದಿಲ್ಲ. ನನ್ನದು ಎರಡು ಸಲ ಹಾಗೆ ಮಾಡಿತು. ಹೊಲಕ್ಕಂತ ಕೊಂಡ ಗಾಡಿಗೆ ಹೊಲವೇ ಆಗಿ ಬರಲಿಲ್ಲ.

ಈಗ ನಮ್ಮಲ್ಲಿ ಒಂದು ವ್ಯವಸ್ಥೆ ಇದೆ. ಜೂನ್‌ನಿಂದ ನವೆಂಬರ್‌ವರೆಗೆ ಹೊಲಕ್ಕೆ ಜಿಪ್ಸಿ. ವಾರಗಟ್ಟಲೆ ಮಳೆ ಹಿಡಿದು ಎರೆ ಪೂರಾ ತೋಯ್ದರೆ ಅದೂ ಇಲ್ಲ, ಟ್ರ್ಯಾಕ್ಟರ್ ಅಥವಾ ಕಾಲು. ಹೊಸದು ಊರೂರಿಗೆ. ತಿಂಗಳಿಗೊಮ್ಮೆಯಾದರೂ ಅದರ ಮಸಿ ಸುಡಲು ದೂರ ಹೋಗಲೇಬೇಕು ಅಂತ ಮನೆಯಲ್ಲಿ ಹೇಳಿದ್ದೇ ತಡ, ಹೆಂಡತಿ ಆ ಕೆಲಸವನ್ನು ತಾನೇ ವಹಿಸಿಕೊಂಡಳು. ಅವಳ ತವರು ಸೊಲ್ಲಾಪುರದಲ್ಲಿದೆ. ಮೊನ್ನೆ ದೀಪ ಹತ್ತಿರಲಿಲ್ಲ, ಆದರೂ ಹೊರಟಿದ್ದಳು. ಯಾಕೆ ಅಂದರೆ, "ಹತ್ತೂತನಕಾ ಯಾಕ ಕಾಯಬೇಕ್ರಿ?" ಅಂದಳು.