ಹಂಚಿನ ಕಾರ್ಖಾನೆಯಲ್ಲಿ ಕ್ಲೈಂಬಿಂಗ್ ಗೋಡೆ ಕಟ್ಟಿದ ನನ್ನ ಅನುಭವ

ಕರಾವಳಿಯಲ್ಲಿ ಕ್ಲೈಂಬಿಂಗ್ ವಾಲ್, ಅಂದರೆ ಬಂಡೆ ಹತ್ತುವುದನ್ನು ಅಭ್ಯಾಸ ಮಾಡುವ ಕೃತಕ ಗೋಡೆ, ಉಳಿಯುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಪ್ಲೈವುಡ್ ಉಬ್ಬುತ್ತದೆ, ಹಲಗೆಯ ಹಿಂದೆ ಬೋಲ್ಟ್ ಹಿಡಿಯುವ ಟೀ-ನಟ್ ತುಕ್ಕು ಹಿಡಿಯುತ್ತದೆ, ಜುಲೈ ಬಂದರೆ ಕೈಕಾಲು ಊರುವ ಹೋಲ್ಡ್‌ಗಳೇ ಬೆವರುತ್ತವೆ. ಇದು ಬೆಂಗಳೂರಿನ ಕ್ಲೈಂಬರ್ ಗೆಳೆಯರ ಮಾತು. ಊರಿನವರ ಭಯ ಬೇರೆ: ಆ ಕಟ್ಟಡ ಇವತ್ತೋ ನಾಳೆಯೋ ಬೀಳುವಂತಿದೆ, ಅದರೊಳಗೆ ಮಕ್ಕಳನ್ನು ಹತ್ತಿಸುವುದಾ? ಈಗ ಗೋಡೆ ಎದ್ದು ಕೆಲವು ಮಳೆಗಾಲಗಳೇ ಕಳೆದಿವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುವ ಜಾಗದಲ್ಲಿ ಒಂದು ಹಲಗೆಯೂ ಪದರ ಬಿಟ್ಟಿಲ್ಲ. ಬೇರೆ ಊರಿನವರು ನೋಡಲು ಬರುತ್ತಿದ್ದಾರೆ, ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನೇತ್ರಾವತಿ ದಂಡೆಯ ಮುಚ್ಚಿದ ಹಂಚಿನ ಕಾರ್ಖಾನೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ಹೊಳೆಯ ಬದಿಯಲ್ಲಿ ಒಂದೊಂದಾಗಿ ಎದ್ದವಲ್ಲ, ಅವುಗಳಲ್ಲಿ ತಡವಾಗಿ ಶುರುವಾದದ್ದು. ತಾರಸಿ ಮನೆಗಳು ಬಂದವು, ಜೇಡಿಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು, ಗೂಡು ಆರಿತು. ಉಳಿದದ್ದು ಕೆಂಪುಕಲ್ಲಿನ ದಪ್ಪ ಗೋಡೆ, ಕಿರಾಲ್‌ಬೋಗಿ ಮರದ ಕಂಬಗಳು, ಹಸಿ ಹಂಚು ಒಣಗಿಸಲು ಒಂದರ ಮೇಲೊಂದು ಕಟ್ಟಿದ್ದ ಮರದ ಅಟ್ಟಗಳು, ಮೇಲೆ ಹಂಚಿನ ಮಾಡು. ಅಟ್ಟ ತೆಗೆದರೆ ನೆಲದಿಂದ ಮಾಡಿನ ಕೋಡಿಗೆ ಮೂವತ್ತು ಅಡಿ ಹತ್ತಿರ ಹತ್ತಿರ. ಇಷ್ಟು ಎತ್ತರದ, ಒಣ ನೆಲದ ಜಾಗವನ್ನು ಹೊಸದಾಗಿ ಕಟ್ಟಿಸಲು ನಮ್ಮ ಯುವಕ ಮಂಡಲಕ್ಕೆ ಈ ಜನ್ಮದಲ್ಲಿ ಆಗುತ್ತಿರಲಿಲ್ಲ.

ಮಾಲೀಕರ ಮನೆಯವರನ್ನು ಒಪ್ಪಿಸಲು ಮಾತು ಸಾಲಲಿಲ್ಲ, ಚಿತ್ರ ಬೇಕಾಯಿತು. ಲಂಡನ್ನಿನಲ್ಲಿ ಹತ್ತೊಂಬತ್ತನೇ ಶತಮಾನದ ನೀರೆತ್ತುವ ಪಂಪ್‌ಹೌಸ್ ಒಂದು ಇವತ್ತು ಕ್ಯಾಸಲ್ ಕ್ಲೈಂಬಿಂಗ್ ಸೆಂಟರ್ ಆಗಿದೆ. ಬ್ರಿಸ್ಟಲ್‌ನಲ್ಲಿ ಖಾಲಿ ಬಿದ್ದ ಚರ್ಚಿನೊಳಗೆ ಗೋಡೆ ಎದ್ದಿದೆ. ಆದರೆ ಅವರ ಮನಸ್ಸು ತಿರುಗಿದ್ದು ಜರ್ಮನಿಯ ಡ್ಯೂಸ್‌ಬರ್ಗ್‌ನಿಂದ. 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ ಈಗ ದೊಡ್ಡ ಪಾರ್ಕ್. ಅದಿರು ತುಂಬುತ್ತಿದ್ದ ಬಂಕರುಗಳ ಕಾಂಕ್ರೀಟ್ ಗೋಡೆಯಲ್ಲಿ ಅಲ್ಲಿನ ಆಲ್ಪೈನ್ ಕ್ಲಬ್ಬಿನವರು ಹತ್ತುವ ದಾರಿಗಳನ್ನು ಮಾಡಿಕೊಂಡಿದ್ದಾರೆ. ಕಂಪನಿ ಅಲ್ಲ, ಸದಸ್ಯರೇ. ಆ ಫೋಟೋ ನೋಡಿ ಮನೆಯ ಹಿರಿಯರು ಹತ್ತು ವರ್ಷಕ್ಕೆ ಲೀಸ್ ಬರೆದುಕೊಟ್ಟರು. ಬಾಡಿಗೆ ಹೆಸರಿಗಷ್ಟೆ. ಷರತ್ತು ಒಂದೇ: ಮಾಡು ಸೋರಬಾರದು, ಹಂಚು ತೆಗೆದು ತಗಡು ಹಾಕಬಾರದು.

ಇನ್ನು ನಿಜವಾದ ವಿಷಯ. ಹಳೇ ಕಟ್ಟಡದಲ್ಲಿ ಕ್ಲೈಂಬಿಂಗ್ ಗೋಡೆ ಮಾಡುವವರು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಗೋಡೆಯ ಒಂದು ಕಿಲೋ ಭಾರವೂ ಕಟ್ಟಡದ ಮೇಲೆ ಬೀಳಬಾರದು. ಕಟ್ಟಡ ನಮಗೆ ಬರಿಯ ಕೊಡೆ. ಮೊದಲು ಬಂದ ಗುತ್ತಿಗೆದಾರರು ಕಂಬಗಳಿಗೇ ಬ್ರಾಕೆಟ್ ಹಾಕಿ ಪ್ಲೈ ಜಡಿಯುತ್ತೇವೆ, ಅರ್ಧ ಕಬ್ಬಿಣ ಉಳಿಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಕಿರಾಲ್‌ಬೋಗಿ ನೂರು ವರ್ಷ ಬಾಳುವ ಮರ, ನಿಜ. ಆದರೆ ಕಂಬದ ಬುಡದ ಒಂದಡಿ ಯಾವ ಸ್ಥಿತಿಯಲ್ಲಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಉಳಿಯಿಂದ ಕೆದಕಿದೆವು. ಎರಡು ಮೂರು ಕಂಬಗಳ ಬುಡ ಒಳಗೊಳಗೇ ಗೆದ್ದಲಿನ ಪಾಲಾಗಿತ್ತು. ಅವುಗಳ ಬುಡ ಕತ್ತರಿಸಿ ಕಾಂಕ್ರೀಟ್ ಪೀಠದ ಮೇಲೆ ಕೂರಿಸಿದೆವು, ಅದು ಮಾಡು ಹೊರುವಷ್ಟಕ್ಕೆ ಮಾತ್ರ. ಕ್ಲೈಂಬಿಂಗ್ ಗೋಡೆಗೆ ಬೇರೆಯೇ ಫ್ರೇಮು: 75 ಮಿ.ಮೀ. ಚೌಕ ಪೈಪು, ಹಿಂದಕ್ಕೆ ಊರುಗಾಲು, ತನ್ನದೇ ಅಡಿಪಾಯದ ಫುಟಿಂಗ್. ಹಳೇ ಗೋಡೆಗೂ ಫ್ರೇಮಿಗೂ ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಬಿಟ್ಟಿದ್ದೇವೆ. ಗಾಳಿ ಅಲ್ಲೇ ಹರಿಯುತ್ತದೆ, ನಟ್ಟು ನೋಡಲು ಅಲ್ಲೇ ಹೋಗುತ್ತೇವೆ. ಸ್ಟ್ರಕ್ಚರಲ್ ಎಂಜಿನಿಯರ್ ಸರ್ಟಿಫಿಕೇಟ್ ಕೊಟ್ಟದ್ದೂ ಈ ಅಂತರ ನೋಡಿಯೇ.

ಫುಟಿಂಗ್ ತೋಡುವಾಗ ಕೆಲಸ ವಾರಗಟ್ಟಲೆ ನಿಂತಿತು. ಗೂಡಿನಿಂದ ಚಿಮಣಿಗೆ ಹೊಗೆ ಎಳೆಯುವ ಇಟ್ಟಿಗೆಯ ಸುರಂಗ ನೆಲದಡಿಯಲ್ಲಿ ಹಾದುಹೋಗಿತ್ತು. ಪಿಕಾಸಿ ಇಳಿದಲ್ಲೆಲ್ಲ ಟೊಳ್ಳು. ಹಳೇ ನಕ್ಷೆ ಯಾರ ಹತ್ತಿರವೂ ಇಲ್ಲ. ಗೂಡಿನಲ್ಲಿ ದುಡಿದಿದ್ದ ಹಿರಿಯರೊಬ್ಬರನ್ನು ಕರೆತಂದೆವು. ಅವರು ಕೋಲು ಕುಟ್ಟುತ್ತಾ ನಡೆದು ಸುರಂಗ ಹೋಗುವ ಗೆರೆಯನ್ನು ಸುಣ್ಣದಲ್ಲಿ ಎಳೆದುಕೊಟ್ಟರು. ಗೋಡೆಯ ಮುಂದಕ್ಕೆ ಬಾಗಿದ ಓವರ್‌ಹ್ಯಾಂಗ್ ಭಾಗವನ್ನು ಹತ್ತಡಿಯಷ್ಟು ಪೂರ್ವಕ್ಕೆ ಸರಿಸಿದೆವು. ಕಾರ್ಖಾನೆಗಳಲ್ಲಿ ಗೋಡೆ ಮಾಡುವವರು ನಕ್ಷೆಗಿಂತ ಮೊದಲು ಅಲ್ಲಿ ದುಡಿದವರನ್ನು ಹುಡುಕಿ.

ಪ್ಲೈ ನೀರು ತಾಳುವ ಐಎಸ್ 710 ಗ್ರೇಡಿನದು, 18 ಮಿ.ಮೀ. ಹಾಳೆಗೆ ಮೂರು ಮುಕ್ಕಾಲು ಸಾವಿರದ ಹತ್ತಿರ ಬಿತ್ತು, ಅರವತ್ತೈದು ಹಾಳೆ ಬೇಕಾಯಿತು. 20 ಸೆಂ.ಮೀ. ಗ್ರಿಡ್‌ನಲ್ಲಿ ಹಾಳೆಗೆ ಎಪ್ಪತ್ತರಷ್ಟು ತೂತು. ನೀರು ಕುಡಿಯುವುದು ಹಾಳೆಯ ಮೈಯಲ್ಲ, ಈ ತೂತುಗಳು ಮತ್ತು ಅಂಚು. ಪ್ರತಿ ತೂತಿನ ಒಳಗೂ ಎಪಾಕ್ಸಿ ಬಳಿದ ಮೇಲೇ ಟೀ-ನಟ್ ಕೂರಿಸಿದೆವು. ಊರಿನ ಮಹಿಳಾ ಮಂಡಲದವರು ಚಾವಡಿಯಲ್ಲಿ ಕುಳಿತು ಮಕ್ಕಳ ಪೇಂಟಿಂಗ್ ಬ್ರಶ್ಶಿನಲ್ಲಿ ನಾಲ್ಕೂವರೆ ಸಾವಿರ ತೂತು ಬಳಿದರು. ಈ ಗೋಡೆ ಇಂದಿಗೂ ನೆಟ್ಟಗಿರಲು ಅವರ ಕೈ ಕಾರಣ. ಹಣ ಕೊಟ್ಟವರಿಗಿಂತ ಮೊದಲು ನಾನು ಅವರ ಹೆಸರು ಹೇಳುತ್ತೇನೆ.

ಟೀ-ನಟ್ ಬಗ್ಗೆ ಒಂದೆರಡು ಮಾತು. ಲುಧಿಯಾನದ ಕಡೆಯಿಂದ ತರಿಸಿದ ಜಿಂಕ್ ಲೇಪದ ಎಂ10 ನಟ್‌ಗಳನ್ನು ಮೊದಲು ಒಂದು ಪ್ರಯೋಗದ ಹಲಗೆಗೆ ಹಾಕಿ ಹೊರಗಿಟ್ಟೆವು. ಒಂದು ಮಳೆಗಾಲದಲ್ಲಿ ಕೆಂಪಾದವು. ಸ್ಟೇನ್‌ಲೆಸ್ ನಟ್ಟಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಇನ್ನೊಂದು ತೊಂದರೆ, ಎರಡೂ ಒಂದಕ್ಕೊಂದು ಕಚ್ಚಿಕೊಂಡು ಅರ್ಧದಲ್ಲಿ ಬಿಗಿದುಹೋಗುತ್ತವೆ, ಮತ್ತೆ ಗ್ರೈಂಡರ್ ಬೇಕು. ಕೊನೆಗೆ ನಿಂತದ್ದು ಸ್ಟೇನ್‌ಲೆಸ್ ನಟ್, ಲೇಪದ ಬೋಲ್ಟ್, ಬೋಲ್ಟಿಗೆ ಸ್ವಲ್ಪ ಗ್ರೀಸ್. ನಟ್ಟಿಗೆ ಮೂರು ಪಟ್ಟು ಖರ್ಚು. ಆದರೆ ಬೋಲ್ಟ್ ತುಕ್ಕು ಹಿಡಿದರೆ ಬದಲಿಸಬಹುದು, ಹಲಗೆಯ ಹಿಂದಿನ ನಟ್ ಬದಲಿಸುವುದು ಸಂಕಟ. ಸುತ್ತಿಗೆಯಲ್ಲಿ ಹೊಡೆದು ಕೂರಿಸುವ ನಮೂನೆ ಬೇಡ, ಮೂರು ಸ್ಕ್ರೂ ಇರುವುದನ್ನೇ ಹಾಕಿ.

ಹಲಗೆಯ ಬೆನ್ನಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ್ದು ನನ್ನ ಸ್ವಂತ ಯೋಚನೆ. ಮೀನುಗಾರರು ದೋಣಿಗೆ ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಸಿ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ಸಂಸ್ಕರಿಸಿದ್ದನ್ನೇ ತಂದೆವು, ಅದನ್ನೂ ಕೈಗವಸು ಹಾಕಿ, ಬೆನ್ನಿಗೆ ಮಾತ್ರ. ವಾಸನೆ ಹೋಗಲು ಎರಡು ತಿಂಗಳು ಹಿಡಿಯಿತು. ಗೆದ್ದಲು ಇವತ್ತಿನವರೆಗೂ ಹತ್ತಿರ ಬಂದಿಲ್ಲ. ಅದಕ್ಕೆ ಏನು ಬೆರೆಸಿ ಬೇಗ ಒಣಗುವಂತೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಒಂದು ದಿನ ಕೆಲಸ ಮಾಡಿದವರಿಗೆ ತೋರಿಸುತ್ತೇನೆ.

ಹೋಲ್ಡ್‌ಗಳಲ್ಲಿ ಹೋದಷ್ಟು ದುಡ್ಡು ಬೇರೆಲ್ಲೂ ವ್ಯರ್ಥವಾಗಲಿಲ್ಲ. ಹೊರದೇಶದ ಪಾಲಿಯುರೆಥೇನ್ ಹೋಲ್ಡ್ ಸುಂಕ ಸೇರಿ ಕೈಗೆಟುಕದು. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ನಾವೇ ಎರೆದೆವು. ಕಾರ್ಖಾನೆಯಲ್ಲಿ ಒಡೆದ ಹಂಚಿನ ರಾಶಿಯೇ ಇತ್ತು. ಅದನ್ನು ಕುಟ್ಟಿ ಪುಡಿ ಮಾಡಿ ಮರಳಿನ ಬದಲು ಬೆರೆಸಿದೆ. ಬಣ್ಣವೇನೋ ಚೆಂದ. ಆದರೆ ಹಂಚಿನ ಪುಡಿ ಗಾಳಿಯ ತೇವ ಹೀರಿಟ್ಟುಕೊಂಡಿರುತ್ತದೆ, ರೆಸಿನ್ ಒಳಗೆ ಮೆತ್ತಗೇ ಉಳಿಯಿತು, ಬೋಲ್ಟ್ ಬಿಗಿದೊಡನೆ ಹೋಲ್ಡ್ ಎರಡು ಹೋಳು. ನಲವತ್ತು ಸಾವಿರದ ಮಾಲು ಹೋಯಿತು. ಪುಡಿಯನ್ನು ಹುರಿದು ಒಣಗಿಸಿ, ಬೋಲ್ಟಿನ ತಲೆ ಕೂರುವಲ್ಲಿ ಕಬ್ಬಿಣದ ವಾಷರನ್ನು ಅಚ್ಚಿನೊಳಗೇ ಇಟ್ಟು ಎರೆದ ಮೇಲೆ ಒಡೆಯುವುದು ನಿಂತಿತು. ಅದೇ ಪುಡಿಯನ್ನು ಗೋಡೆಯ ಪೇಂಟಿಗೆ ಬೆರೆಸಿದ ಹಲಗೆ ಮಾತ್ರ ಮಕ್ಕಳ ಮೊಣಕೈ ಸುಲಿಯಿತು, ಅಲ್ಲಿ ನಯವಾದ ಸಿಲಿಕಾ ಮರಳೇ ಸರಿ. ಹೊಳೆಯ ಗುಂಡುಕಲ್ಲಿಗೆ ತೂತು ಕೊರೆದು ಅಂಗೈ ಒತ್ತಿ ಹಿಡಿಯುವ ದುಂಡನೆಯ ಹೋಲ್ಡ್, ಅಂದರೆ ಸ್ಲೋಪರ್ ಮಾಡುವ ಪ್ರಯೋಗವೂ ನಡೆಯಿತು. ನಾಲ್ಕರಲ್ಲಿ ಒಂದು ಉಳಿಯುತ್ತದೆ, ಭಾರ ವಿಪರೀತ. ಅದನ್ನು ಬಿಟ್ಟೆವು.

ಗೆದ್ದದ್ದು ಹಲಸಿನ ಮರ. ಬೆರಳ ತುದಿಯಲ್ಲಿ ಹಿಡಿಯುವ ಕ್ರಿಂಪ್, ಚಿವುಟಿ ಹಿಡಿಯುವ ಪಿಂಚ್, ನಲವತ್ತು ಡಿಗ್ರಿ ಮುಂದಕ್ಕೆ ಬಾಗಿದ ತರಬೇತಿ ಬೋರ್ಡಿನ ಹೋಲ್ಡ್‌ಗಳೆಲ್ಲ ಹಲಸಿನವು. ಊರಿನ ಆಚಾರಿಗಳು ಕೆತ್ತಿಕೊಟ್ಟರು. ಜುಲೈಯಲ್ಲಿ ರೆಸಿನ್ ಹೋಲ್ಡ್ ಜಾರುವಾಗ ಹಲಸು ಬೆರಳಿನ ಬೆವರನ್ನು ತಕ್ಕಮಟ್ಟಿಗೆ ಕುಡಿದುಕೊಳ್ಳುತ್ತದೆ, ಚರ್ಮವೂ ಉಳಿಯುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಿ ಪಳಗಿದ ಒಬ್ಬರು ಬಂದು ಹತ್ತಿ, ಇಂಥ ಬೋರ್ಡ್ ತಮ್ಮ ಕಡೆಯೂ ಬೇಕು ಎಂದು ಅಳತೆ ತೆಗೆದುಕೊಂಡು ಹೋದರು. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಡ.

ಮ್ಯಾಟ್‌ಗೆ ತೆಂಗಿನ ನಾರಿನ ರಬ್ಬರ್ ಹಾಳೆ ಹಾಕಿ ನೋಡಿದೆವು, ಊರಿನದೇ ಮಾಲು, ಅಗ್ಗ. ಕೆಲವು ತಿಂಗಳಲ್ಲಿ ಚಪ್ಪಟೆಯಾಗಿ ಬೂಸಲು ಹಿಡಿಯಿತು. ಹಗ್ಗವಿಲ್ಲದೆ ಹತ್ತುವ ಬೌಲ್ಡರಿಂಗ್ ಗೋಡೆ ನಾಲ್ಕು ಮೀಟರ್ ಮೇಲಿರುವಾಗ ಇದರಲ್ಲಿ ಜಿಪುಣತನ ಸಲ್ಲದು. ಈಗ ಕೆಳಗೆ ಹತ್ತಿಂಚು 32 ಡೆನ್ಸಿಟಿ ಫೋಮ್, ಮೇಲೆ ಎರಡಿಂಚು ಗಟ್ಟಿ ಫೋಮ್, ಹೊದಿಕೆ ಲಾರಿ ಟಾರ್ಪಾಲಿನ ಬಟ್ಟೆ. ನೆಲಕ್ಕೆ ತಾಗದಂತೆ ಅಡಿಯಲ್ಲಿ ಅಡಿಕೆ ಮರದ ಸಲಾಕೆಗಳ ಹಾಸು, ನೆಲದ ತಂಪು ಮೇಲೇರುವುದಿಲ್ಲ. ಐದು ಲಕ್ಷ ಇದಕ್ಕೇ ಹೋಯಿತು.

ತೇವದ ಲೆಕ್ಕ ಸರಳ. ಅಷ್ಟು ದೊಡ್ಡ ಮಾಡಿನಡಿ ತೇವ ಹೀರುವ ಡಿಹ್ಯುಮಿಡಿಫೈಯರ್ ಇಡುವುದು ದುಡ್ಡು ಹೊಳೆಗೆ ಸುರಿದಂತೆ. ಬೋರ್ಡ್ ಇರುವ ಸಣ್ಣ ಕೋಣೆಗೆ ಮಾತ್ರ ಒಂದು ಇದೆ. ಉಳಿದಂತೆ ಜಾಲಂದ್ರ ತೆರೆದೆವು, ಗಾಜಿನ ಹಂಚು ಹಾಕಿ ಬಿಸಿಲು ಇಳಿಸಿದೆವು. ಹೋಲ್ಡ್ ತೊಳೆದ ಮೇಲೆ ಒಣಗಿಸುವುದು ಪಕ್ಕದ ತೋಟದವರ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ. ಮಳೆಗಾಲದಲ್ಲಿ ಎರಡು ಸೆಟ್ ಸರದಿಯಲ್ಲಿ ಓಡುತ್ತದೆ: ಒಂದು ಗೋಡೆಯಲ್ಲಿ, ಒಂದು ಒಣಮನೆಯಲ್ಲಿ.

ದುಡ್ಡಿನ ಒಟ್ಟು ಮೊತ್ತ 22–23 ಲಕ್ಷ. ಕಬ್ಬಿಣ, ವೆಲ್ಡಿಂಗ್ ಸೇರಿ ಆರರ ಆಸುಪಾಸು, ಮಾಡು ರಿಪೇರಿ ಎರಡೂವರೆ, ಹೋಲ್ಡ್‌ಗೆ ಮೂರು. ಒಂದು ಕಂಪನಿ ಇದೇ ಅಳತೆಗೆ ಅರವತ್ತು ಲಕ್ಷ ಹೇಳಿತ್ತು. ನಾವು ಹಲಗೆಗೊಬ್ಬ ದಾನಿ ಎಂದು ಐದೈದು ಸಾವಿರ ಎತ್ತಿದೆವು, ಹೆಸರು ಹಲಗೆಯ ಬೆನ್ನಿನಲ್ಲಿದೆ. ಒಂದು ಸಹಾಯಾರ್ಥ ಯಕ್ಷಗಾನ ಇಟ್ಟೆವು, ಖರ್ಚು ಕಳೆದು ಎರಡೂವರೆ ಲಕ್ಷ ಕೈಗೆ ಬಂತು. ಮುಂಬೈ ಮತ್ತು ಗಲ್ಫಿನಲ್ಲಿರುವ ಊರಿನವರು ಏಳು ಲಕ್ಷದಷ್ಟು ಕಳಿಸಿದರು. ಉಳಿದದ್ದು ಸದಸ್ಯರ ಬಡ್ಡಿಯಿಲ್ಲದ ಸಾಲ, ಒಂದಷ್ಟು ನನ್ನದು. ಇನ್ಶೂರೆನ್ಸ್‌ಗೆ ಹೋದ ಕಡೆಯೆಲ್ಲ ಅಡ್ಡಾಡಿಸಿದರು, ಅಪಾಯದ ಕ್ರೀಡೆ ಎಂದರು. ಕ್ಲೈಂಬಿಂಗ್ ಟೋಕಿಯೊದಲ್ಲೇ ಒಲಿಂಪಿಕ್ಸ್ ಸೇರಿದೆ ಎಂಬ ಕಾಗದ, ಎಂಜಿನಿಯರ್ ಸರ್ಟಿಫಿಕೇಟ್, ತಿಂಗಳ ತಪಾಸಣೆಯ ಪುಸ್ತಕ ಮೂರನ್ನೂ ಮೇಜಿನ ಮೇಲಿಟ್ಟ ಮೇಲೆ ಒಂದು ಕಡೆ ಪಾಲಿಸಿ ಸಿಕ್ಕಿತು. ತಪಾಸಣೆಯ ಪುಸ್ತಕ ಮೊದಲ ದಿನದಿಂದಲೇ ಬರೆಯಿರಿ.

ವೇಗದ ಸ್ಪರ್ಧೆಯ ಸ್ಪೀಡ್ ವಾಲ್ ಬೇಕು ಎಂದು ಹುಡುಗರ ಹಠ. ಅದಕ್ಕೆ 15 ಮೀಟರ್ ಬೇಕು, ನಮ್ಮ ಮಾಡಿನಡಿ ಒಂಬತ್ತೇ ಸಿಗುತ್ತದೆ. ಹಾಗಾದರೆ ಚಿಮಣಿ ಹತ್ತೋಣ ಎಂದರು. ಚಿಮಣಿಯ ಇಟ್ಟಿಗೆಯ ಗಾರೆ ಬೆರಳಲ್ಲಿ ಉದುರುತ್ತದೆ. ಸುತ್ತ ಬೇಲಿ ಹಾಕಿ ಬೀಗ ಜಡಿದಿದ್ದೇನೆ, ಆ ವಿಷಯದಲ್ಲಿ ಚರ್ಚೆಯಿಲ್ಲ.

ಅಡಿಕೆ ಕೊಯ್ಯುವವರ ವಿಷಯ ಹೇಳಲೇಬೇಕು. ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವವರಿಗೆ ಕೆಲಸ ಕಡಿಮೆಯಾಗಿದೆ. ಅವರಲ್ಲೊಬ್ಬರು ಗೋಡೆ ನೋಡಲು ಬಂದವರು ಶೂ ಇಲ್ಲದೆ ನಮ್ಮ ವರ್ಟಿಕಲ್ ದಾರಿ ಹತ್ತಿ ಇಳಿದರು. ಕೈ ಎಳೆಯುವುದೇ ಇಲ್ಲ, ಪೂರ್ತಿ ಭಾರ ಪಾದದ ಮೇಲೆ. ಕಾಲಿಗೆ ತಳೆ ಸಿಕ್ಕಿಸಿ ವರ್ಷಗಟ್ಟಲೆ ಹತ್ತಿದ ಕಾಲು ಅದು. ಈಗ ಶನಿವಾರ ಮಕ್ಕಳಿಗೆ ಪಾದದ ಕೆಲಸ ಕಲಿಸುವುದು ಅವರೇ, ಸಂಬಳ ಕೊಡುತ್ತೇವೆ. ಫ್ರೇಮಿನ ಒಂದು ಕಂಬಕ್ಕೆ ಅಡಿಕೆ ಮರದ ಕಾಂಡವನ್ನೇ ನಿಲ್ಲಿಸಿ ಮೇಲಿನಿಂದ ಇಳಿಬಿಡುವ ಹಗ್ಗ, ಅಂದರೆ ಟಾಪ್ ರೋಪ್ ಕಟ್ಟಿದ್ದೇವೆ. ಜಿಮ್‌ನಲ್ಲಿ ಬಲ ಬೆಳೆಸಿ ಬಂದವರು ಅದರ ಅರ್ಧಕ್ಕೆ ಸುಸ್ತಾಗುತ್ತಾರೆ.

ತಿಂಗಳಿಗೆ ಸದಸ್ಯತ್ವ ಎಂಟುನೂರು, ವಿದ್ಯಾರ್ಥಿಗಳಿಗೆ ಮುನ್ನೂರು. ತೊಂಬತ್ತರ ಸುತ್ತ ಸದಸ್ಯರಿದ್ದಾರೆ. ಕರೆಂಟು, ಸಂಬಳ, ಹೊಸ ಹೋಲ್ಡ್ ಎಲ್ಲ ಕಳೆದು ಸಾಲಕ್ಕೆ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದೇವೆ. ಉತ್ತರದ ಶೆಡ್ಡಿನಲ್ಲಿ ಹತ್ತುವವರ ಹಗ್ಗ ಹಿಡಿದು ಕಾಯುವ ಬಿಲೇ ಕಲಿಯಲು ಹಗ್ಗದ ಗೋಡೆ ಎಬ್ಬಿಸುವುದು ಮುಂದಿನ ಕೆಲಸ. ಮಳೆ ನಿಂತ ಮೇಲೆ ಫುಟಿಂಗ್ ತೋಡುತ್ತೇವೆ. ಮುಚ್ಚಿದ ಅಕ್ಕಿ ಮಿಲ್ಲೋ ಗೋದಾಮೋ ಕಣ್ಣಿಗೆ ಬಿದ್ದಿರುವವರು ಯಾರಾದರೂ ಇದ್ದರೆ ಆ ಹೊತ್ತಿಗೆ ಬನ್ನಿ, ಊಟ ವಸತಿ ನಮ್ಮದು, ಹಾರೆ ಪಿಕಾಸಿಯೂ ನಮ್ಮದೇ.